ಲೋಟಕ್ಕೆ ಬೀಳದ ನಾಣ್ಯ

ನಲವತ್ತೆಂಟು ದಾಟಿದ ಗಂಡಸಿಗೆ ಬರುವ ಕಾಯಿಲೆಗಳಲ್ಲಿ ಸಕ್ಕರೆಗೆ ಮಾತ್ರೆ ಇದೆ, ಬಿಪಿಗೆ ಮಾತ್ರೆ ಇದೆ, ಮಂಡಿನೋವಿಗೆ ಎಣ್ಣೆಯಾದರೂ ಇದೆ. ‘ಹೊಸದಾಗಿ ಏನಾದರೂ ಕಲಿಯಬೇಕು’ ಎಂಬ ಕಾಯಿಲೆಗೆ ಮಾತ್ರ ಈವರೆಗೆ ಯಾರೂ ಮದ್ದು ಕಂಡುಹಿಡಿದಿಲ್ಲ. ನಮ್ಮ ಬಾಗಲಗುಂಟೆಯ ಬೀದಿಯಲ್ಲೇ ನೋಡಿ. ಎದುರು ಮನೆಯವರು ನಿವೃತ್ತಿಗೆ ಎರಡು ವರ್ಷ ಇರುವಾಗ ಕೊಳಲು ಹಿಡಿದರು. ಬೀದಿನಾಯಿಗಳು ಮೊದಮೊದಲು ಜೊತೆಗೆ ಹಾಡಿದವು, ಆಮೇಲೆ ಬೀದಿಯನ್ನೇ ಬಿಟ್ಟು ಹೋದವು. ಪಕ್ಕದ ಮನೆಯವರು ಬೆಳಗಿನ ಓಟ ಶುರುಮಾಡಿ ಮೂರನೇ ದಿನ ಆಟೋದಲ್ಲಿ ವಾಪಸು ಬಂದರು. ಇವರನ್ನೆಲ್ಲ ನೋಡಿ ಕಿಟಕಿಯ ಹಿಂದೆ ನಿಂತು ನಗುತ್ತಿದ್ದವನು ನಾನು. ಪರರ ರೋಗಕ್ಕೆ ನಕ್ಕವನಿಗೆ ಅದಕ್ಕಿಂತ ದೊಡ್ಡದೇ ಬರುತ್ತದಂತೆ. ನನಗೆ ನಾಣ್ಯದ ಜಾದೂ ಹಿಡಿಯಿತು.

ಹಿಡಿದದ್ದು ಏಕೆ ಎಂದು ಹೇಳಬೇಕಾದರೆ ನನ್ನ ಉದ್ಯೋಗ ಹೇಳಬೇಕು. ನಾನು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ವಾಲಿಟಿ ನೋಡಿಕೊಳ್ಳುವವನು. ಬೈಕುಗಳ ಕ್ಲಚ್ಚಿನೊಳಗೆ ಕೂರುವ ಉಕ್ಕಿನ ರಿಂಗುಗಳನ್ನು ನಾವು ಮಾಡುತ್ತೇವೆ. ಮಾಡುವವರು ಅರವತ್ತು ಜನ, ಮಾಡಿದ್ದು ಬೇಡ ಎನ್ನುವವನು ನಾನೊಬ್ಬ. ರಿಂಗು ಕೈಗೆ ಬಂದ ಕೂಡಲೇ ಅಳೆಯುತ್ತೇನೆ, ಬೆಳಕಿಗೆ ಹಿಡಿಯುತ್ತೇನೆ, ಆಮೇಲೆ ‘ಆಗಲ್ಲ’ ಅನ್ನುತ್ತೇನೆ. ಆಪರೇಟರುಗಳು ‘ಸಾರ್, ಕೂದಲೆಳೆಯಷ್ಟೇ ಸಾರ್, ಕಸ್ಟಮರ್‌ಗೆ ಗೊತ್ತೇ ಆಗಲ್ಲ’ ಎಂದು ಗೋಗರೆಯುತ್ತಾರೆ. ಕೂದಲೆಳೆಯಲ್ಲಿ ಎಷ್ಟು ಮೈಕ್ರಾನು ಇದೆ ಎಂದು ನಾನು ಅವರಿಗೆ ವಿವರಿಸುತ್ತೇನೆ. ಹೀಗಾಗಿ ಕಾರ್ಖಾನೆಯಲ್ಲಿ ನನ್ನ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಉಳಿದಂತೆ ಎಲ್ಲರಿಗೂ ನಾನು ‘ಆಗಲ್ಲ ಸಾರ್’. ಊಟದ ಹೊತ್ತಿಗೆ ನಾಲ್ಕು ಜನ ನಗುತ್ತಾ ಕೂತಿದ್ದರೆ ನಾನು ಹತ್ತಿರ ಹೋದೊಡನೆ ನಗು ನಿಂತು ಡಬ್ಬಿಗಳ ಮುಚ್ಚಳ ಬೀಳುತ್ತದೆ.

ಕಾರ್ಖಾನೆಯ ಗುಣ ಗೇಟಿನ ಹತ್ತಿರ ಬಿಟ್ಟು ಬರಬೇಕು ಅನ್ನುತ್ತಾರೆ ತಿಳಿದವರು. ನನಗೆ ಅದು ಸಾಧ್ಯವಾಗಲಿಲ್ಲ. ಮದುವೆಗೆ ಮುಂಚೆ ಶೈಲಜಾಳನ್ನು ನೋಡಲು ತುಮಕೂರಿಗೆ ಹೋಗಿದ್ದಾಗ ಅವಳು ಉಪ್ಪಿಟ್ಟಿನ ತಟ್ಟೆ ಟೀಪಾಯಿಯ ಮೇಲಿಟ್ಟಳು. ಟೀಪಾಯಿ ಕುಂಟಿತು. ನಾನು ತಲೆ ಎತ್ತಿ ಹುಡುಗಿಯನ್ನು ನೋಡುವ ಬದಲು ತಲೆ ತಗ್ಗಿಸಿ ಟೀಪಾಯಿಯ ಕಾಲು ನೋಡಿದೆ, ಜೇಬಿನಿಂದ ಬಸ್ ಟಿಕೆಟ್ ತೆಗೆದು ಮಡಿಸಿ ಅದರ ಕೆಳಗಿಟ್ಟೆ. ‘ನನ್ನ ಮುಖ ನೋಡೋಕೆ ಮುಂಚೆ ಟೀಪಾಯಿ ಕಾಲು ನೋಡಿದ ಮಹಾನುಭಾವರು’ ಎಂದು ಅವಳು ಈಗಲೂ ಬಂದವರಿಗೆಲ್ಲ ಕಾಫಿ ಕೊಡುತ್ತಾ ಹೇಳುತ್ತಾಳೆ. ಅದು ಹೋಗಲಿ, ಹೆಂಡತಿ ಹೇಳುವುದು ಇರುವುದೇ. ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಮಗಳು ಸಿಂಚನಾ ಒಂದು ಮನೆಯ ಚಿತ್ರ ಬರೆದು ತಂದು ತೋರಿಸಿದಳು. ಚೆನ್ನಾಗಿಯೇ ಇತ್ತು. ಆದರೆ ನನ್ನ ಬಾಯಿ ಕೇಳಬೇಕಲ್ಲ, ‘ಎಡಗಡೆ ಕಿಟಕಿ ಬಲಗಡೆಯದಕ್ಕಿಂತ ಸ್ವಲ್ಪ ಮೇಲಿದೆಯಲ್ಲಮ್ಮಾ’ ಅಂದೆ. ಅವಳು ಸಿಟ್ಟಾಗಲಿಲ್ಲ. ಚಿತ್ರವನ್ನು ತಿರುಗಿಸಿಕೊಂಡು, ‘ಅಪ್ಪಾ, ನಿಂಗೆ ತಪ್ಪು ಹುಡುಕೋದು ಬಿಟ್ಟು ಬೇರೆ ಏನಾದ್ರೂ ಬರುತ್ತಾ?’ ಎಂದು ನಿಜವಾಗಿಯೂ ತಿಳಿದುಕೊಳ್ಳಲು ಕೇಳುವವಳಂತೆ ಕೇಳಿದಳು. ಆಮೇಲೆ ಅವಳು ಚಿತ್ರ ತೋರಿಸುವುದನ್ನು ನಿಲ್ಲಿಸಿದಳು. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು, ಏಕೆಂದರೆ ಎರಡು ದಿನ ಯೋಚಿಸಿದರೂ ಉತ್ತರ ಹೊಳೆಯಲಿಲ್ಲ.

ಆ ನೋವಿನಲ್ಲಿ ಫೋನು ಉಜ್ಜುತ್ತಾ ಕೂತಿದ್ದಾಗ ಒಬ್ಬ ಜಾದೂಗಾರನ ವಿಡಿಯೋ ಬಂತು. ಆತ ಒಂದು ನಾಣ್ಯವನ್ನು ಲೋಟದೊಳಗೆ ‘ಟಿಣ್’ ಎಂದು ಹಾಕುತ್ತಾನೆ, ಲೋಟ ಬೋರಲು ಹಾಕುತ್ತಾನೆ, ನಾಣ್ಯವಿಲ್ಲ! ನೋಡುವವರ ಕಿವಿಯ ಹಿಂದಿನಿಂದ ಅದನ್ನು ತೆಗೆಯುತ್ತಾನೆ. ಆಮೇಲೆ ಗುಟ್ಟನ್ನೂ ಹೇಳಿಕೊಟ್ಟ. ನಾಣ್ಯ ಲೋಟದೊಳಗೆ ಬೀಳುವುದೇ ಇಲ್ಲ. ಲೋಟದ ಅಂಚಿಗೆ ಅದನ್ನು ತಾಗಿಸಿ ಶಬ್ದ ಮಾಡಿ, ಹಾಗೆಯೇ ಅಂಗೈಯ ಮಡಿಕೆಯಲ್ಲಿ ಒತ್ತಿ ಹಿಡಿದುಕೊಳ್ಳುವುದು. ಕಣ್ಣಿಗೆ ಕಾಣದಿದ್ದರೂ ಶಬ್ದ ಕೇಳಿದ ಮೇಲೆ ಜನ ಬಿದ್ದೇ ಬಿತ್ತು ಎಂದುಕೊಳ್ಳುತ್ತಾರೆ. ಕಣ್ಣು ಅನುಮಾನದ ಪ್ರಾಣಿ, ಕಿವಿ ಪಾಪ, ಹೇಳಿದ್ದನ್ನು ನಂಬುತ್ತದೆ ಎಂಬುದು ಅವನ ಸಿದ್ಧಾಂತ. ಬೇಕಾದ ಶಬ್ದ ಮಾಡಬೇಕು, ಬೇಡದ ಶಬ್ದ ಮಾಡಬಾರದು, ಕಳ್ಳತನ ಮಾಡುವ ಕೈಯನ್ನು ತಾನೇ ನೋಡಬಾರದು. ಇಷ್ಟೇ. ನನಗೆ ರೋಮಾಂಚನವಾಯಿತು. ಆ ವರ್ಷದ ಆಯುಧಪೂಜೆಗೆ ಇನ್ನೂ ಮೂರು ತಿಂಗಳಿತ್ತು. ಕಾರ್ಖಾನೆಯ ಪೂಜೆಗೆ ಎಲ್ಲರ ಮನೆಯವರೂ ಬರುತ್ತಾರೆ, ಮಕ್ಕಳ ಹಾಡು ಕುಣಿತ ಇರುತ್ತದೆ. ಅರವತ್ತು ಜನ ನನಗಾಗಿ ಚಪ್ಪಾಳೆ ತಟ್ಟುವುದನ್ನು ಮಗಳು ನೋಡಬೇಕು, ಅಪ್ಪನಿಗೆ ಬೇರೇನೋ ಬರುತ್ತದೆ ಎಂದು ಅವಳಿಗೆ ಗೊತ್ತಾಗಬೇಕು ಎಂದು ನಿರ್ಧರಿಸಿಬಿಟ್ಟೆ.

ಅಭ್ಯಾಸ ಮನೆಯಲ್ಲೇ ಶುರುವಾಯಿತು. ಹಳೆಯ ದಪ್ಪ ಐದು ರೂಪಾಯಿಯ ನಾಣ್ಯ ಇದಕ್ಕೆ ಹೇಳಿ ಮಾಡಿಸಿದ್ದು. ತೂಕವಿದೆ, ಅಂಚು ಬೆರಳಿಗೆ ಸಿಗುತ್ತದೆ. ಆದರೆ ಕಲಿಯುವವನ ಕೈಯಿಂದ ನಾಣ್ಯ ಬೀಳುತ್ತದೆ, ಬಿದ್ದರೆ ನಮ್ಮ ಮನೆಯ ಟೈಲ್ಸಿನ ಮೇಲೆ ಊರಿಗೆಲ್ಲ ಕೇಳುತ್ತದೆ. ಮೊದಲು ಬಂದದ್ದು ನಮ್ಮಮ್ಮ. ‘ಲಕ್ಷ್ಮೀನ ಹೀಗೆ ನೆಲಕ್ಕೆ ಎಸೀತಾರೇನೋ?’ ಎಂದು ಗದರಿ, ಎಪ್ಪತ್ತೈದರ ಮಂಡಿಯನ್ನು ಕಷ್ಟಪಟ್ಟು ಬಗ್ಗಿಸಿ ನಾಣ್ಯ ಎತ್ತಿ ಕಣ್ಣಿಗೊತ್ತಿಕೊಂಡು ನೇರವಾಗಿ ದೇವರ ಹುಂಡಿಗೆ ಹಾಕಿದಳು. ಇನ್ನೊಂದು ತಂದೆ. ಅದೂ ಬಿತ್ತು, ಅದೂ ಹುಂಡಿಗೆ ಹೋಯಿತು. ನಾಣ್ಯ ಮಾಯ ಮಾಡುವುದರಲ್ಲಿ ನನಗಿಂತ ನಮ್ಮಮ್ಮನೇ ಚುರುಕು ಎಂದು ಶೈಲಜಾ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ಮೂರು ದಿನಕ್ಕೆ ದಪ್ಪ ನಾಣ್ಯಗಳ ದಾಸ್ತಾನು ಮುಗಿಯುತ್ತಾ ಬಂದು, ಇನ್ನು ಕಾರ್ಖಾನೆಯಲ್ಲೇ ಕಲಿಯುವುದು ಎಂದುಕೊಂಡೆ.

ಕಾರ್ಖಾನೆಯಲ್ಲಿ ಯಾರೂ ಬಾರದ ಜಾಗ ಒಂದೇ ಒಂದು, ರಿಜೆಕ್ಷನ್ ರೂಮು. ನಾನು ಬೇಡವೆಂದ ಮಾಲನ್ನೆಲ್ಲ ತುಂಬಿ ಬೀಗ ಹಾಕುವ ತಗಡಿನ ಕೋಣೆ. ಅದರ ಬೀಗದ ಕೈ ನನ್ನ ಹತ್ತಿರ ಮಾತ್ರ. ಊಟ ಮುಗಿಸಿ ದಿನಾ ಇಪ್ಪತ್ತು ನಿಮಿಷ ಅಲ್ಲಿ ಸೇರಿಕೊಳ್ಳುತ್ತಿದ್ದೆ. ಕೆಂಪು ಬಣ್ಣ ಬಳಿದ ಕ್ರೇಟುಗಳ ಮೇಲೆ ಫೋನು ನಿಲ್ಲಿಸಿ, ಅದರ ಕ್ಯಾಮೆರಾದಲ್ಲಿ ನನ್ನನ್ನೇ ನೋಡಿಕೊಳ್ಳುತ್ತಾ, ಶೈಲಜಾಳ ಅಡುಗೆಮನೆಯಿಂದ ಕದ್ದು ತಂದ ಸ್ಟೀಲ್ ಲೋಟಕ್ಕೆ ನಾಣ್ಯ ಹಾಕದೆ ಹಾಕುವುದನ್ನು ಅಭ್ಯಾಸ ಮಾಡಿದೆ. ಕೆಲಸಗಾರರೆಲ್ಲ ನಾನು ಹಳೆಯ ಮಾಲಿನಲ್ಲಿ ಹೊಸ ತಪ್ಪು ಹುಡುಕುತ್ತಿದ್ದೇನೆ ಎಂದು ತಿಳಿದು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಕೋಣೆಯ ತಗಡಿನ ಗೋಡೆಯ ಆಚೆಗೇ ಎರಡನೇ ನಂಬರಿನ ಪವರ್ ಪ್ರೆಸ್ಸು. ಅದನ್ನು ನಡೆಸುವವನು ಶರಣಪ್ಪ, ಯಾದಗಿರಿ ಕಡೆಯವನು, ಹತ್ತು ವರ್ಷದಿಂದ ಆಂದ್ರಹಳ್ಳಿಯ ಬಾಡಿಗೆ ಕೋಣೆಯಲ್ಲಿದ್ದಾನೆ. ಊಟದ ಹೊತ್ತಿನಲ್ಲೂ ಅವನ ಪ್ರೆಸ್ಸು ನಿಲ್ಲುವುದಿಲ್ಲ, ಅವನ ಪಾಳಿಯ ಊಟ ಆಮೇಲೆ. ಧಡ್... ಧಡ್... ಧಡ್ ಎಂದು ಉಕ್ಕಿನ ಹಾಳೆಯಿಂದ ರಿಂಗು ಕತ್ತರಿಸುತ್ತಲೇ ಇರುತ್ತದೆ. ಗೋಡೆ ನಡುಗುತ್ತದೆ, ಕ್ರೇಟು ನಡುಗುತ್ತದೆ, ಫೋನಿನಲ್ಲಿ ನನ್ನ ಮುಖವೂ ನಡುಗುತ್ತದೆ.

ಆ ಸದ್ದು ನನಗೆ ಅಡ್ಡಿಯಾಗಲಿಲ್ಲ, ಬದಲಿಗೆ ದಾರಿ ತೋರಿಸಿತು. ‘ಧಡ್’ ಅಂದ ಕ್ಷಣಕ್ಕೆ ನಾಣ್ಯವನ್ನು ಅಂಗೈಗೆ ಜಾರಿಸಿದರೆ ಕೈ ತಾನೇ ತಾನಾಗಿ ಸಲೀಸಾಗಿ ಹೋಗುತ್ತಿತ್ತು. ಎರಡು ತಿಂಗಳಲ್ಲಿ ಎಷ್ಟು ಪಳಗಿದೆನೆಂದರೆ ಫೋನಿನ ಕ್ಯಾಮೆರಾದಲ್ಲಿ ನನಗೇ ನಾಣ್ಯ ಎಲ್ಲಿ ಹೋಯಿತೆಂದು ತಿಳಿಯುತ್ತಿರಲಿಲ್ಲ. ಕಳ್ಳ ಕೈಯನ್ನು ನೋಡದಿರುವುದೊಂದು ಮಾತ್ರ ಕಷ್ಟವಾಯಿತು. ತಪ್ಪು ಎಲ್ಲಿದೆಯೋ ಅಲ್ಲಿಗೇ ಕಣ್ಣು ಹೋಗುವುದು ನನ್ನ ಅನ್ನದ ದಾರಿಯಲ್ಲವೇ? ಅದನ್ನೂ ಜಯಿಸಿದೆ. ನನ್ನ ಕೈಚಳಕವನ್ನು ನಾನೇ ನೋಡಿ, ಆಹಾ, ಎಷ್ಟು ನಯ, ಎಷ್ಟು ನಿಶ್ಶಬ್ದ ಎಂದು ಮೆಚ್ಚಿಕೊಂಡೆ. ಪವರ್ ಪ್ರೆಸ್ಸಿನ ಪಕ್ಕ ನಿಂತರೆ ಆನೆ ಸೀನಿದರೂ ನಿಶ್ಶಬ್ದವೇ ಎಂಬುದು ಇಪ್ಪತ್ತೆರಡು ವರ್ಷ ಅಲ್ಲಿ ಕೆಲಸ ಮಾಡಿದವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆಯುಧಪೂಜೆಯ ದಿನ ಬಂತು. ಕಾರ್ಖಾನೆ ತೊಳೆದು ರಂಗೋಲಿ ಹಾಕಿದ್ದರು. ಪ್ರೆಸ್ಸುಗಳಿಗೆಲ್ಲ ಬಾಳೆಕಂದು, ಚೆಂಡುಹೂವಿನ ಹಾರ. ಫೋರ್ಕ್‌ಲಿಫ್ಟಿನ ಚಕ್ರದ ಕೆಳಗೆ ನಿಂಬೆಹಣ್ಣು. ನನ್ನ ಮೈಕ್ರೋಮೀಟರಿಗೂ ಕುಂಕುಮ ಹಚ್ಚಿದ್ದರು. ಅದಕ್ಕೆ ಕುಂಕುಮ ಹಚ್ಚಿದರೆ ಅಳತೆ ತಪ್ಪುತ್ತದೆ, ಆಗಲ್ಲ ಎಂದು ನಾನು ಪ್ರತಿವರ್ಷ ಹೇಳುತ್ತೇನೆ, ನಮ್ಮ ಲಕ್ಷ್ಮಕ್ಕ ಪ್ರತಿವರ್ಷ ಹಚ್ಚುತ್ತಾಳೆ. ಲಕ್ಷ್ಮಕ್ಕ ನನ್ನ ಕೈಕೆಳಗಿನ ಇನ್‌ಸ್ಪೆಕ್ಷನ್ ಮೇಜಿನವಳು. ಕಾರ್ಖಾನೆ ಇರುವ ಜಾಗದಲ್ಲಿ ತನ್ನ ಮಾವ ರಾಗಿ ಬೆಳೆಯುತ್ತಿದ್ದರೆಂದು ಹೇಳುವ, ಪಕ್ಕದ ಊರಿನ ಹಳಬಳು. ಅವಳ ಕೆಲಸ ಏನೆಂದರೆ, ಕುಲುಮೆಯಲ್ಲಿ ಕಾಯಿಸಿ ಎಣ್ಣೆಯಲ್ಲಿ ತಣಿಸಿದ ರಿಂಗುಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಬೀಳಿಸಿ ಕೇಳುವುದು. ಗಟ್ಟಿಯಾದದ್ದು ‘ಟಿಂಯ್’ ಎಂದು ಹಾಡುತ್ತದೆ, ಒಳಗೆ ಕಣ್ಣಿಗೆ ಕಾಣದ ಬಿರುಕು ಬಿಟ್ಟದ್ದು ‘ಟಪ್’ ಅನ್ನುತ್ತದೆ. ಹದಿನೈದು ವರ್ಷದ ಹಿಂದೆ ಈ ವಿದ್ಯೆ ಅವಳಿಗೆ ಕಲಿಸಿದವನು ನಾನೇ. ‘ಕಣ್ಣು ಮುಚ್ಕೊಳ್ಳಮ್ಮ, ಕಣ್ಣು ಮೋಸ ಮಾಡುತ್ತೆ, ಕಿವಿ ಮಾಡಲ್ಲ’ ಎಂದು ಹೇಳಿಕೊಟ್ಟಿದ್ದೆ. ಜಾದೂಗಾರನ ಸಿದ್ಧಾಂತಕ್ಕೂ ನನ್ನ ಸಿದ್ಧಾಂತಕ್ಕೂ ಅಜಗಜಾಂತರ ಇರುವುದು ನನ್ನ ಗಮನಕ್ಕೇ ಬರಲಿಲ್ಲ ನೋಡಿ.

ಗೇಟಿನ ಮುಂದೆ ಬೂದುಗುಂಬಳ ಒಡೆದು, ಮಂಗಳಾರತಿಯಾಗಿ, ಎಲ್ಲರ ಕೈಗೂ ಕಡಲೆಪುರಿಯ ಪೊಟ್ಟಣ ಮತ್ತು ಸಿಹಿಯ ಡಬ್ಬಿ ಬಂದ ಮೇಲೆ ಮಕ್ಕಳ ಕಾರ್ಯಕ್ರಮ ನಡೆಯಿತು. ಮೂರು ಹಾಡು, ಎರಡು ಕುಣಿತ. ಆಮೇಲೆ ಯಜಮಾನರು ಮೈಕು ಹಿಡಿದು, ‘ಈಗ ನಮ್ಮ ಕ್ವಾಲಿಟಿ ಸಾರ್ ಜಾದೂ ಮಾಡ್ತಾರಂತೆ’ ಅಂದರು. ಅವರಿಗೇ ನಂಬಿಕೆ ಇದ್ದಂತೆ ಕಾಣಲಿಲ್ಲ. ಪುರಿ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಮುಂದಿನ ಸಾಲಿನಲ್ಲಿ ಶೈಲಜಾ ರೇಷ್ಮೆ ಸೀರೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಸಿಂಚನಾ ಗಲ್ಲಕ್ಕೆ ಕೈ ಕೊಟ್ಟಿದ್ದಳು. ‘ಅಯ್ಯೋ, ನಮ್ಮ ಲೋಟ!’ ಎಂದು ಶೈಲಜಾ ಗುರುತಿಸಿದ್ದು ಎಲ್ಲರಿಗೂ ಕೇಳಿಸಿತು.

ನಾನು ನಾಣ್ಯ ತೋರಿಸಿದೆ. ಕಂಠಪಾಠ ಮಾಡಿದ್ದ ಮಾತುಗಳನ್ನೂ ಆಡಿದೆ. ‘ಶಬ್ದ ಎಲ್ಲರಿಗೂ ಕೇಳಲಿ’ ಎಂದು ಯಜಮಾನರು ಮೈಕನ್ನು ತಂದು ನೇರವಾಗಿ ಲೋಟದ ಬಾಯಿಗೆ ಹಿಡಿದರು. ಕೈ ಎತ್ತಿದೆ. ನಾಣ್ಯ ಲೋಟದ ಮೇಲೆ ಬಂತು. ಇನ್ನು ‘ಧಡ್’ ಅನ್ನಬೇಕು, ನಾನು ಜಾರಿಸಬೇಕು. ಧಡ್ ಅನ್ನಲಿಲ್ಲ. ಕಾದೆ. ಆಗಲೂ ಅನ್ನಲಿಲ್ಲ. ವರ್ಷದಲ್ಲಿ ಆ ಒಂದು ದಿನ ಯಾವ ಯಂತ್ರವನ್ನೂ ಮುಟ್ಟುವ ಹಾಗಿಲ್ಲ ಎಂದು ನನಗೆ ಆಗ ನೆನಪಾಯಿತು. ಹೊರಗೆ ಎಲ್ಲೋ ಕಾಗೆ ಕೂಗಿತು. ನನ್ನ ಕೈ ಲೋಟದ ಮೇಲೆ ಹಾಗೆಯೇ ನಿಂತಿತ್ತು, ತಲೆ ಮಾತ್ರ ಒಂದು ಲೆಕ್ಕಕ್ಕೆ ಮೇಲೆ ಕೆಳಗೆ ಆಡುತ್ತಿತ್ತು. ಕೈಗೆ ಎಷ್ಟು ಹೇಳಿದರೂ ಕೇಳಲೊಲ್ಲದು.

ಹಿಂದಿನ ಸಾಲಿನಿಂದ ಶರಣಪ್ಪ ಎದ್ದು ನಿಂತ. ನನ್ನ ತಲೆಯನ್ನೇ ನೋಡುತ್ತಿದ್ದ. ‘ಸಾಹೇಬ್ರ, ನೀವು ತಲಿ ಆಡ್ಸೋದು ನನ್ನ ಪ್ರೆಸ್ಸಿನ ತಾಳ ಐತ್ರೀ! ಇವತ್ತ ಅದು ಬಂದ್ ಐತ್ರೀ, ಹಬ್ಬ ಅಲ್ಲೇನ್ರೀ?’ ಅಂದ. ಜನ ಕಿಸಕ್ಕನೆ ನಕ್ಕರು. ಅವನು ಒಳ್ಳೆಯ ಮನುಷ್ಯ, ನಕ್ಕು ಸುಮ್ಮನಾಗಲಿಲ್ಲ. ‘ತಡೀರಿ, ನಾ ಹೊಡೀತೀನಿ’ ಎಂದು ಪಕ್ಕದಲ್ಲಿದ್ದ ಖಾಲಿ ಡ್ರಮ್ಮಿಗೆ ಅಂಗೈಯಿಂದ ‘ಧಡ್’ ಎಂದು ಬಾರಿಸಿದ. ನನ್ನ ಕೈ ಒಡೆಯನ ದನಿ ಕೇಳಿದ ಎತ್ತಿನಂತೆ ತಟ್ಟನೆ ಹೊರಟಿತು. ಪ್ರೆಸ್ಸಿನ ಸದ್ದಿನಲ್ಲಿ ನನಗೇ ಕೇಳಬೇಕೆಂದು ಮೂರು ತಿಂಗಳು ಲೋಟಕ್ಕೆ ಬಲವಾಗಿ ಹೊಡೆದು ಅಭ್ಯಾಸವಾಗಿತ್ತಲ್ಲ, ಅದೇ ಬಲದಲ್ಲಿ ನಾಣ್ಯ ಲೋಟಕ್ಕೆ ಬಡಿಯಿತು. ಮೈಕಿನಲ್ಲಿ ಅದು ದೇವಸ್ಥಾನದ ಗಂಟೆಯಾಗಿ ಹೊರಬಂತು. ಒಂದು ಮಗು ಬೆಚ್ಚಿ ಅತ್ತಿತು. ಅದರ ಹಿಂದೆಯೇ ಇನ್ನೊಂದು ಸಣ್ಣ ‘ಕ್ಲಿಕ್’. ಅಂಗೈ ಸೇರಿದ ನಾಣ್ಯ ನನ್ನ ಮದುವೆಯ ಉಂಗುರಕ್ಕೆ ತಾಗಿತ್ತು. ರಿಜೆಕ್ಷನ್ ರೂಮಿನಲ್ಲಿ ಅದು ಪ್ರತಿದಿನವೂ ತಾಗುತ್ತಿದ್ದಿರಬೇಕು, ನನಗೆ ಒಂದು ದಿನವೂ ಕೇಳಿರಲಿಲ್ಲ.

ಆದರೂ ಧೈರ್ಯಗೆಡದೆ, ‘ನಾಣ್ಯ ಲೋಟದೊಳಗೆ ಬಿದ್ದಿದೆ’ ಎಂದು ಘೋಷಿಸಿದೆ.

‘ಇಲ್ಲ ಸಾರ್’ ಅಂದಳು ಲಕ್ಷ್ಮಕ್ಕ. ಹಬ್ಬದ ಸೀರೆ ಉಟ್ಟು, ಕಣ್ಣು ಮುಚ್ಚಿಕೊಂಡು ಕೂತಿದ್ದಳು. ‘ಒಳಕ್ಕೆ ಬಿದ್ದಿಲ್ಲ. ಒಳಕ್ಕೆ ಬಿದ್ರೆ ಒಂದ್ ಸಲ ಟಿಣ್ ಅಂದು, ಆಮೇಲೆ ಕುಣುದು, ಗಿರಗಿರಾ ಅಂತ ತಿರುಗಿ ಮಲಗ್ತದೆ. ಇದು ಒಂದೇ ಏಟು. ಅಂಚಿಗೆ ತಗುಲಿ ವಾಪಸ್ ಬಂದೈತೆ. ಬಂದು ನಿಮ್ಮ ಉಂಗುರಕ್ಕೆ ವಡೀತು.’

ನಾನು ಬಾಯಿ ತೆರೆಯುವಷ್ಟರಲ್ಲಿ ಕುಲುಮೆಯವರು, ಲೇತಿನವರು, ಪ್ಯಾಕಿಂಗಿನವರು ಎಲ್ಲ ಸೇರಿ ‘ಹೌದು ಹೌದು, ಒಂದೇ ಏಟು’ ಎಂದು ಒಪ್ಪಿದರು. ಇವರೆಲ್ಲ ಯಂತ್ರದ ಸದ್ದು ಸ್ವಲ್ಪ ಬದಲಾದರೂ ಬೇರಿಂಗು ಹೋಯಿತೆಂದು ಹೇಳಬಲ್ಲವರು. ಇನ್ನೊಮ್ಮೆ ಮಾಡಿ ಎಂದರು. ಮಾಡಲು ಕೈ ಎತ್ತಿ ನೋಡುತ್ತೇನೆ, ಅರವತ್ತು ಜನವೂ ಕಣ್ಣು ಮುಚ್ಚಿಕೊಂಡಿದ್ದಾರೆ! ಜಗತ್ತಿನಲ್ಲಿ ಯಾವ ಜಾದೂಗಾರನಿಗೂ ಇಂಥ ಪ್ರೇಕ್ಷಕರು ಸಿಕ್ಕಿರಲಾರರು. ಒಂದು ಗಳಿಗೆ ನನಗೆ ದುರ್ಬುದ್ಧಿ ಬಂತು. ಹೇಗೂ ಯಾರೂ ನೋಡುತ್ತಿಲ್ಲ, ಈ ಕೈಚಳಕವೆಲ್ಲ ಯಾಕೆ ಎಂದು ನಾಣ್ಯವನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಬಿಟ್ಟೆ.

‘ಜೇಬಿಗೆ ಹಾಕಿದ್ರು’ ಅಂದಿತು ಒಂದು ದನಿ.

‘ಬಲಗಡೆ ಜೇಬು. ಬೀಗದ ಕೈ ಗೊಂಚಲಿಗೆ ತಾಗ್ತು’ ಅಂದಿತು ಇನ್ನೊಂದು.

ನಗು ಎದ್ದಿತು. ನನಗೆ ಕೋಪ ಬಂತು. ನಿಜವಾದ ಕೋಪ, ಕಿವಿ ಬಿಸಿಯಾಗುವಂಥದ್ದು. ಮೂರು ತಿಂಗಳ ಶ್ರಮ, ಮುಂದಿನ ಸಾಲಿನಲ್ಲಿ ಮಗಳು, ಈ ಜನ ಒಂದು ಸಣ್ಣ ಕ್ಲಿಕ್ಕನ್ನು ಹಿಡಿದುಕೊಂಡು ಎಲ್ಲವನ್ನೂ ಹಾಳುಮಾಡುತ್ತಿದ್ದಾರಲ್ಲ ಎನಿಸಿತು. ಯಜಮಾನರ ಕೈಯ ಮೈಕು ಇನ್ನೂ ನನ್ನ ಎದುರಿಗೇ ಇರುವುದು ಮರೆತು, ‘ಏನ್ರೀ ಇದು, ಇಷ್ಟು ಚೂರು ಶಬ್ದಕ್ಕೆ! ಕೂದಲೆಳೆಯಷ್ಟೇ ಹೆಚ್ಚು ಕಡಿಮೆ! ಹೊರಗಡೆ ಯಾರಿಗೂ ಗೊತ್ತೇ ಆಗಲ್ಲ!’ ಎಂದು ಕೂಗಿಬಿಟ್ಟೆ.

ನಾನೇನು ಹೇಳಿದೆನೆಂದು ನನಗೆ ಅರ್ಥವಾಗಲು ಒಂದೆರಡು ಗಳಿಗೆ ಹಿಡಿಯಿತು. ಅವರಿಗೆ ಅಷ್ಟೂ ಹಿಡಿಯಲಿಲ್ಲ. ಶರಣಪ್ಪ ಡ್ರಮ್ಮಿನ ಮೇಲೆ ಕೈಯೂರಿ, ಬಹಳ ವಿನಯದಿಂದ, ‘ಸಾಹೇಬ್ರ, ಇದೇ ಮಾತು ನಾವ್ ಹೇಳಿದ್ರ ನೀವ್ ಏನಂತೀರಿ?’ ಎಂದು ಕೇಳಿದ.

‘ಆಗಲ್ಲ!’ ಎಂದು ಅರವತ್ತು ಜನರೂ ಅವರ ಹೆಂಡಿರು ಮಕ್ಕಳೂ ಒಂದೇ ದನಿಯಲ್ಲಿ ಕೂಗಿದರು. ಮನೆಯವರಿಗೂ ಈ ಮಾತು ಬಾಯಿಗೆ ಬಂದಿತ್ತು ಎಂದ ಮೇಲೆ ನಾನು ಎಷ್ಟು ಮನೆಗಳ ಊಟದ ಹೊತ್ತಿನಲ್ಲಿ ಹಾಜರಿದ್ದೆ ಎಂದು ನೀವೇ ಊಹಿಸಿ. ಆ ಕೂಗಿನಲ್ಲಿ ಎಲ್ಲಕ್ಕಿಂತ ಎತ್ತರದ ದನಿ ಮುಂದಿನ ಸಾಲಿನದು. ಸಿಂಚನಾ ಕುರ್ಚಿಯಿಂದ ಎದ್ದು, ಎರಡು ಕೈಯನ್ನೂ ಬಾಯಿಗೆ ಹಿಡಿದು ‘ಆಗಲ್ಲ’ ಎಂದು ಕೂಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಶೈಲಜಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಜಮಾನರು ಮೈಕನ್ನು ಕೆಳಗಿಟ್ಟು ಗೋಡೆ ಹಿಡಿದುಕೊಂಡಿದ್ದರು.

ನನಗೆ ಆಗ ಏನಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೊದಲು ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಎದುರಿಗಿದ್ದೂ ಇವರ ನಗು ನಿಂತಿರಲಿಲ್ಲ. ಲಕ್ಷ್ಮಕ್ಕ ಬಂದು, ‘ಬೇಜಾರ್ ಮಾಡ್ಕೋಬ್ಯಾಡಿ ಸಾರ್. ಕಣ್ಣು ಮುಚ್ಕೊಂಡು ಕೇಳು ಅಂತ ಏಳ್ಕೊಟ್ಟಿದ್ದು ನೀವೇ ಅಲ್ವಾ’ ಎಂದು ಒಂದು ಹಿಡಿ ಪುರಿ ಕೊಟ್ಟಳು. ನಾನೂ ನಕ್ಕೆ. ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತ ಸಿಂಚನಾ ದಾಸರಹಳ್ಳಿಯ ತನಕ ಶರಣಪ್ಪನನ್ನು ಅಣಕಿಸಿ ನಗುತ್ತಿದ್ದಳು. ಆ ವಾರ ಒಂದು ಹೊಸ ಚಿತ್ರ ತಂದು ತೋರಿಸಿದಳು. ಲೋಟ ಹಿಡಿದು ಬಾಯಿ ತೆರೆದು ನಿಂತ ಬೊಕ್ಕತಲೆಯವನೊಬ್ಬನ ಚಿತ್ರ. ಅವನ ಒಂದು ಕಿವಿ ಇನ್ನೊಂದಕ್ಕಿಂತ ಮೇಲಿತ್ತು. ನಾನು ತುಟಿ ಕಚ್ಚಿಕೊಂಡು, ತುಂಬಾ ಚೆನ್ನಾಗಿದೆ ಅಂದೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕಾಯಿಲೆ ಅಂದೆನಲ್ಲ, ಅದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ತಪ್ಪು ಗೊತ್ತಾದ ಮೇಲೆ ಸರಿಪಡಿಸದಿರುವುದು ನನ್ನ ಜಾಯಮಾನವಲ್ಲ. ಸೋಪು ಹಚ್ಚಿ ಎಳೆದೆಳೆದು ಉಂಗುರ ತೆಗೆದೆ. ಬೆಳಿಗ್ಗೆ ಯಂತ್ರಗಳು ಶುರುವಾಗುವ ಮುಂಚೆ ಹೋಗಿ ನಿಶ್ಶಬ್ದದಲ್ಲಿ ಅಭ್ಯಾಸ ಮಾಡಿದೆ. ಲೋಟದೊಳಗೆ ನಿಜವಾಗಿ ಬಿದ್ದ ನಾಣ್ಯ ಹೇಗೆ ಹಾಡುತ್ತದೆ, ಹೇಗೆ ಕುಣಿಯುತ್ತದೆ, ಹೇಗೆ ತಿರುಗಿ ಮಲಗುತ್ತದೆ ಎಂದು ಕೇಳಿ ಕೇಳಿ, ಅಂಚಿನ ಮೇಲೆ ಬೆರಳಿನಿಂದಲೇ ಆ ಮೂರೂ ಸದ್ದನ್ನು ಹೊರಡಿಸಲು ಕಲಿತೆ. ಒಂದು ತಿಂಗಳ ನಂತರ ಲಕ್ಷ್ಮಕ್ಕನನ್ನು ಕಣ್ಣು ಮುಚ್ಚಿಸಿ ಕೂರಿಸಿದೆ. ‘ಒಳಕ್ಕೆ ಬಿತ್ತು’ ಅಂದಳು. ಕಣ್ಣು ಬಿಟ್ಟಾಗ ಲೋಟ ಖಾಲಿ. ‘ಚೆನ್ನಾಗೈತೆ ಸಾರ್’ ಎಂದು ಒಮ್ಮೆ ತಲೆ ಆಡಿಸಿ ತನ್ನ ರಿಂಗುಗಳ ಕಡೆ ತಿರುಗಿದಳು. ಮನೆಯಲ್ಲಿ ಸಿಂಚನಾಳಿಗೆ ಮಾಡಿ ತೋರಿಸಿದೆ. ನಾಣ್ಯ ಅವಳ ಕಿವಿಯ ಹಿಂದಿನಿಂದ ಬಂತು. ‘ಓ, ಸೂಪರ್ ಅಪ್ಪಾ’ ಅಂದಳು, ಬೇರೆಯವರ ಸೀರೆ ನೋಡಿ ಚೆನ್ನಾಗಿದೆ ಅನ್ನುತ್ತಾರಲ್ಲ, ಆ ದನಿಯಲ್ಲಿ. ಆಮೇಲೆ ಫೋನಿಗೆ ಮರಳಿದಳು. ಯಾರೂ ನಗಲಿಲ್ಲ. ಒಂದೂ ದೋಷವಿಲ್ಲದ ಜಾದೂ ಯಾರಿಗೂ ಬೇಕಾಗಿರಲಿಲ್ಲ.

ಬೇಕಾಗಿದ್ದದ್ದು ಏನೆಂದು ಯಜಮಾನರೇ ಹೇಳಿದರು. ಈ ಸಲದ ಪೂಜೆಗೆ ಇನ್ನೂ ಎರಡು ವಾರ ಇರುವಾಗ ಕರೆದು, ‘ಈ ವರ್ಷವೂ ನಿಮ್ಮ ಪ್ರೋಗ್ರಾಂ ಇರಲೇಬೇಕು ಕಣ್ರೀ. ಆಳುಗಳೆಲ್ಲ ಕೇಳ್ತಾ ಇದ್ದಾರೆ. ಆದರೆ ಹೋದ ಸಲ ಹೇಗೆ ಮಾಡಿದ್ರೋ ಹಾಗೇ ಮಾಡಬೇಕು. ದಯವಿಟ್ಟು ಇಂಪ್ರೂವ್ ಮಾಡಬೇಡಿ’ ಅಂದರು. ಜೀವಮಾನವೆಲ್ಲ ದೋಷ ಕಂಡಲ್ಲಿ ಕೆಂಪು ಚೀಟಿ ಅಂಟಿಸಿದವನಿಗೆ ಬೇಕೆಂದೇ ದೋಷ ಮಾಡಿಕೊಡು ಎಂಬ ಆರ್ಡರು! ಆಗಲ್ಲ ಎನ್ನಲು ಬಾಯಿ ತೆರೆದೆ. ಈಗ ನಾನು ಹತ್ತಿರ ಹೋದರೂ ನಿಲ್ಲದ ಊಟದ ಹೊತ್ತಿನ ನಗು, ಸ್ಕೂಟರಿನ ಹಿಂದಿನ ಆ ನಗು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಹೀಗಾಗಿ ಈಗ ಸಂಜೆ ಸಂಜೆ ಸೋಫಾದ ಮುಂದೆ ನಿಂತು, ಉಂಗುರ ಮತ್ತೆ ತೊಟ್ಟುಕೊಂಡು, ಕೆಟ್ಟದಾಗಿ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಕೈ ತಡಕಾಡಬೇಕು, ಲೋಟಕ್ಕೆ ಒಂದೇ ಏಟು ಬೀಳಬೇಕು, ನಾಣ್ಯ ಉಂಗುರಕ್ಕೆ ತಾಗಿ ಕ್ಲಿಕ್ ಅನ್ನಬೇಕು, ನನ್ನ ಮುಖದಲ್ಲಿ ಗಾಬರಿ ಕಾಣಬೇಕು. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ ಎಂದು ಈ ವಯಸ್ಸಿನಲ್ಲಿ ತಿಳಿಯುತ್ತಿದೆ. ಸೋಫಾದ ಮೇಲೆ ಕೂತು ಪರೀಕ್ಷೆ ಮಾಡುವವಳು ಸಿಂಚನಾ. ನಿನ್ನೆ ಹದಿನೇಳನೇ ಸಲ ನಾಣ್ಯವನ್ನು ಉಂಗುರಕ್ಕೆ ತಾಗಿಸಿ, ಗಾಬರಿಯ ಮುಖ ಮಾಡಿ ಅವಳ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡು, ನಿಧಾನಕ್ಕೆ ತಲೆ ಆಡಿಸಿದಳು. ‘ಬೇಕು ಅಂತ ಮಾಡಿದ್ದು ಗೊತ್ತಾಗುತ್ತಪ್ಪಾ. ಕ್ಲಿಕ್ಕು ತುಂಬಾ ನೀಟಾಗಿದೆ. ಇನ್ನೊಂದ್ ಸಲ.’